ನೇಪಾಳಕ್ಕೆ ಮುಯ್ಯಾಳಾಗಿ ಹೊರಡುವ ಮುನ್ನ

ಪೋಷಕರ ಸಭೆಯಲ್ಲಿ ಹಾವೇರಿ ಕಡೆಯ ತಾಯಿಯೊಬ್ಬರು ಎದ್ದು ನಿಂತು ಕೇಳಿದರು: "ಮೇಡಂ, ನಮ್ಮ ಹುಡುಗಿ ಮನ್ಯಾಗ ಒಂದ್ ವಾಟಗ ತೊಳ್ಯಂಗಿಲ್ಲ. ಅಷ್ಟ್ ದೂರ ಹೋಗಿ ಏನ್ ಸೇವಾ ಮಾಡ್ತಾಳ್ರಿ?"

ಸಭೆಯಲ್ಲಿ ನಗು ಎದ್ದಿತು. ನನಗೆ ನಗಲಾಗಲಿಲ್ಲ. ಹದಿನಾಲ್ಕು ವಿದ್ಯಾರ್ಥಿಗಳನ್ನು ಹತ್ತು ದಿನಗಳ ಮಟ್ಟಿಗೆ ನೇಪಾಳದ ಗುಡ್ಡಗಾಡು ಹಳ್ಳಿಯೊಂದಕ್ಕೆ ಕರೆದೊಯ್ಯಲು ಟಿಕೆಟ್ಟು, ವಿಮೆ, ಔಷಧಿ, ಬ್ಯಾನರು ಎಲ್ಲದರ ಪಟ್ಟಿ ಮಾಡಿಕೊಂಡು ಬಂದಿದ್ದೆ. ಆ ತಾಯಿಯ ಪ್ರಶ್ನೆಗೆ ಮಾತ್ರ ಪಟ್ಟಿಯಲ್ಲಿ ಉತ್ತರ ಇರಲಿಲ್ಲ. ಮಾರನೆಯ ದಿನ ಪಟ್ಟಿಯನ್ನು ಬದಿಗಿಟ್ಟು, ತಯಾರಿಯನ್ನು ಮೊದಲಿನಿಂದ ಆರಂಭಿಸಿದೆವು.

ವಿದ್ಯಾರ್ಥಿಗಳನ್ನು ನಾಯಕತ್ವ ತರಬೇತಿ ಮತ್ತು ಸಮುದಾಯ ಸೇವೆಗೆಂದು ಹೊರದೇಶಕ್ಕೆ ಕಳಿಸುವ ಪರಿಪಾಠ ನಮ್ಮ ಕಾಲೇಜುಗಳಲ್ಲಿ ಬೆಳೆಯುತ್ತಿದೆ. ಅದರಲ್ಲಿ ನೇಪಾಳ ಕೈಗೆಟಕುವ ದೇಶ. ವೀಸಾ ಬೇಡ, ಖರ್ಚು ಕಡಿಮೆ, ಅನ್ನ ಬೇಳೆಯ ಊಟ, ಹಿಂದಿ ಬಂದರೆ ಪಟ್ಟಣಗಳಲ್ಲಿ ಮಾತೂ ನಡೆಯುತ್ತದೆ. 2025ರ ಮಾರ್ಚ್‌ನಲ್ಲಿ ಕಠ್ಮಂಡುವಿನ ಪೂರ್ವಕ್ಕಿರುವ ಕಾಭ್ರೆ ಜಿಲ್ಲೆಗೆ ನಮ್ಮ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ತಂಡ ಹೋಗಿಬಂತು. ಇಂಥ ಪ್ರವಾಸಕ್ಕೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳಿಗೆ, ಶಿಕ್ಷಕರಿಗೆ, ತಂದೆತಾಯಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಬೇರೆ ದೇಶಕ್ಕೆ ಹೊರಟವರಿಗೂ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊಂದುತ್ತದೆ.

ಕೆಲಸ ಕೇಳಿದವರು ಯಾರು?

ಟಿಕೆಟ್ ಬುಕ್ ಮಾಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನೀವು ಮಾಡಲು ಹೊರಟ ಕೆಲಸವನ್ನು ಆ ಊರಿನವರು ಕೇಳಿದ್ದಾರೆಯೇ? ಅಥವಾ ನಿಮ್ಮನ್ನು ಕರೆದೊಯ್ಯುವ ಏಜೆನ್ಸಿ ನಿಮಗಾಗಿ ಹುಡುಕಿಟ್ಟ ಕೆಲಸವೇ?

ಅಮೆರಿಕದ ಲೇಖಕಿ ಪಿಪ್ಪಾ ಬಿಡ್ಲ್ 2014ರಲ್ಲಿ ಬರೆದ ಅನುಭವವೊಂದನ್ನು ನಮ್ಮ ತಂಡದ ಮೊದಲ ತರಗತಿಯಲ್ಲೇ ಹೇಳಿದೆ. ಶಾಲಾ ದಿನಗಳಲ್ಲಿ ಆಕೆಯ ತಂಡ ತಾಂಜಾನಿಯಾದಲ್ಲಿ ಗ್ರಂಥಾಲಯ ಕಟ್ಟಲು ಹೋಗಿತ್ತು. ಹುಡುಗಿಯರು ಹಗಲೆಲ್ಲ ಇಟ್ಟಿಗೆ ಜೋಡಿಸಿದರು. ಗೋಡೆ ಸೊಟ್ಟಗಿದ್ದುದರಿಂದ ಊರಿನ ಗಂಡಸರು ರಾತ್ರಿ ಅದನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದರು. ಬೆಳಿಗ್ಗೆ ಬಂದ ಮಕ್ಕಳಿಗೆ ಗೊತ್ತೇ ಆಗುತ್ತಿರಲಿಲ್ಲ. ಈ ಕಥೆ ಕೇಳಿ ನಮ್ಮ ಸಿವಿಲ್ ಡಿಪ್ಲೊಮಾ ಮುಗಿಸಿ ಬಂದ ಹುಡುಗನೊಬ್ಬ, "ಮೇಡಂ, ಹಾಗಾದ್ರೆ ನಾವು ಗೋಡೆ ಮುಟ್ಟೋದೇ ಬೇಡ" ಅಂದ. ಅದೇ ನಮ್ಮ ತಂಡದ ನಿಯಮವಾಯಿತು. ನಮ್ಮೂರಲ್ಲಿ ನಮಗೆ ಕೂಲಿ ಕೊಟ್ಟು ಯಾರೂ ಮಾಡಿಸದ ಕೆಲಸವನ್ನು ಪರದೇಶದಲ್ಲಿ ಮಾಡಕೂಡದು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ನೇಪಾಳ ಸುಮಾರು ಒಂಬತ್ತು ಸಾವಿರ ಜನರನ್ನು ಕಳೆದುಕೊಂಡಿತು. ಮಣ್ಣುಗಾರೆಯ ಕಲ್ಲಿನ ಮನೆಗಳೇ ಹೆಚ್ಚು ಬಿದ್ದವು. ಆ ನೆಲದಲ್ಲಿ ಗೋಡೆ ಕಟ್ಟುವುದು ನುರಿತ ಡಕರ್ಮಿಗಳ ಕೆಲಸ. ಅಲ್ಲಿ ಗಾರೆ ಮೇಸ್ತ್ರಿಯನ್ನು ಹಾಗೆ ಕರೆಯುತ್ತಾರೆ. ಕಲ್ಲು ಹೊರುವುದು, ಮರಳು ಜರಡಿ ಹಿಡಿಯುವುದು, ಗೋಡೆಗೆ ನೀರುಣಿಸುವುದು ನಮ್ಮ ಪಾಲಿನದು.

ಊರಿಗೆ ಯಾವ ಕೆಲಸ ಬೇಕೆಂದು ಯಾರನ್ನು ಕೇಳುವುದು? 2015ರ ಸಂವಿಧಾನದ ನಂತರ ನೇಪಾಳದಲ್ಲಿ 753 ಸ್ಥಳೀಯ ಸರ್ಕಾರಗಳಿವೆ, ಅವುಗಳ ಕೆಳಗೆ ವಾರ್ಡ್ ಕಚೇರಿಗಳು. ಅವರ ನಾಲಿಗೆಯಲ್ಲಿ ಅದು 'ವಡಾ'. ನಮ್ಮ ಗ್ರಾಮ ಪಂಚಾಯಿತಿಯ ಹಾಗೆ ಊರಿನ ಬೇಕುಬೇಡ ಗೊತ್ತಿರುವ ಜಾಗ. ಏಜೆನ್ಸಿಯ ಮೂಲಕ ಹೋಗುವುದಾದರೂ ವಡಾ ಅಧ್ಯಕ್ಷರಿಂದ ಅಥವಾ ಶಾಲೆಯ ಆಡಳಿತ ಸಮಿತಿಯಿಂದ ಪತ್ರ ತರಿಸಿಕೊಳ್ಳಿ. ಯಾವ ಕೆಲಸ, ಯಾವ ತಿಂಗಳಲ್ಲಿ, ಸಾಮಗ್ರಿ ಯಾರದ್ದು, ನೀವು ಹೊರಟ ಮೇಲೆ ನೋಡಿಕೊಳ್ಳುವವರು ಯಾರು ಎಂಬುದು ಪತ್ರದಲ್ಲಿ ಇರಲಿ. ನಮಗೆ ಬಂದ ಪತ್ರದಲ್ಲಿ ಇದ್ದ ಕೆಲಸ ನಾವು ಊಹಿಸಿರದಂಥದ್ದು. ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯವಿತ್ತು, ನೀರಿರಲಿಲ್ಲ. ಗುಡ್ಡದ ಮೇಲಿನ ಒರತೆಯಿಂದ ಶಾಲೆಯವರೆಗೆ ಪೈಪು ಹೂಳಲು ಕಾಲುವೆ ತೋಡಬೇಕಿತ್ತು. ಪೈಪನ್ನು ವಾರ್ಡ್ ಕೊಡುತ್ತದೆ, ತೋಡಲು ಆಳು ಬೇಕು. ಇಂಗ್ಲಿಷ್ ಕಲಿಸುತ್ತೇವೆ ಎಂದು ನಾವು ಬರೆದದ್ದಕ್ಕೆ ಪತ್ರದಲ್ಲಿ ಉತ್ತರವೇ ಇರಲಿಲ್ಲ. ಹತ್ತು ದಿನಕ್ಕೆ ಬಂದು ಹೋಗುವವರಿಂದ ಇಂಗ್ಲಿಷ್ ಕಲಿಯುವುದು ಅವರಿಗೆ ಬೇಕಿರಲಿಲ್ಲ.

ಪತ್ರ ನೋಡುವಾಗ ಒಂದು ಎಚ್ಚರ. ಅಲ್ಲಿ ವಿಕ್ರಮ ಸಂವತ್ ಕ್ಯಾಲೆಂಡರ್ ನಡೆಯುತ್ತದೆ, ನಮ್ಮದಕ್ಕಿಂತ 56–57 ವರ್ಷ ಮುಂದು. ನಮ್ಮ ಪತ್ರದ ಮೇಲೆ 2081 ಎಂದಿತ್ತು. ನಮ್ಮ ಕಾಲೇಜಿನ ಕಚೇರಿಯಲ್ಲಿ ಅದನ್ನು ತಪ್ಪು ದಿನಾಂಕವೆಂದು ತಿಳಿದು ಕಡತವನ್ನು ವಾಪಸು ಕಳಿಸಿದ್ದರು.

ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಅನಾಥಾಶ್ರಮದಲ್ಲಿ ಮಕ್ಕಳೊಂದಿಗೆ ಕೆಲವು ದಿನ ಕಳೆಯುವ ಕಾರ್ಯಕ್ರಮ ಯಾರಾದರೂ ತೋರಿಸಿದರೆ ಒಪ್ಪಬೇಡಿ. ನೇಪಾಳದ ಇಂಥ ಎಷ್ಟೋ ಆಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಓದಿಸುತ್ತೇವೆಂದು ನಂಬಿಸಿ ದೂರದ ಹಳ್ಳಿಗಳಿಂದ ಕರೆತಂದು, ಸ್ವಯಂಸೇವಕರ ಮತ್ತು ದಾನಿಗಳ ಹಣಕ್ಕಾಗಿ ಮಕ್ಕಳನ್ನು ಇರಿಸಿಕೊಂಡ ಪ್ರಕರಣಗಳು ದಾಖಲಾಗಿವೆ. ವಾರಕ್ಕೊಂದು ತಂಡ ಬಂದು ಎತ್ತಿ ಮುದ್ದಾಡಿ ಹೋದರೆ, ಪ್ರತಿ ಸಲವೂ ಆ ಮಗು ಯಾರನ್ನೋ ಕಳೆದುಕೊಂಡಂತೆ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಶ್ರಮಗಳ ಸುತ್ತ ಬೆಳೆದ ಇಂಥ ಪ್ರವಾಸದ ಅಪಾಯವನ್ನು ಎತ್ತಿ ಹೇಳಿತು. ಮಕ್ಕಳನ್ನು ತಬ್ಬಿದ ಫೋಟೊ ಇಲ್ಲದೆಯೂ ಸೇವೆ ಮಾಡಲಾಗುತ್ತದೆ.

ಮುಯ್ಯಾಳು ಎಂಬ ಮಾತು

ನಮ್ಮ ಹಳ್ಳಿಗಳಲ್ಲಿ ನಾಟಿಗೆ, ಕೊಯ್ಲಿಗೆ, ಒಕ್ಕಣೆಗೆ ಮುಯ್ಯಾಳು ಹೋಗುವುದಿತ್ತು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿಯಿಲ್ಲ, ಊಟ ಉಂಟು, ಲೆಕ್ಕ ಮಾತ್ರ ತಪ್ಪುವಂತಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಅರ್ಧ ಮಂದಿಗೆ ಈ ಪದ ಗೊತ್ತಿರಲಿಲ್ಲ. ಮನೆಗೆ ಹೋಗಿ ಅಜ್ಜ ಅಜ್ಜಿಯನ್ನು ಕೇಳಿ ಒಂದು ಪುಟ ಬರೆದು ತನ್ನಿ ಎಂದು ಕಳಿಸಿದೆ. ಅವರು ಬರೆದು ತಂದದ್ದು ಯಾವ ತರಬೇತಿ ಕೈಪಿಡಿಗಿಂತಲೂ ಹೆಚ್ಚು ಕೆಲಸಕ್ಕೆ ಬಂತು. ಮುಯ್ಯಾಳಾಗಿ ಹೋದವಳು ಆ ಮನೆಯವರಿಗಿಂತ ದೊಡ್ಡವಳಲ್ಲ, ಚಿಕ್ಕವಳೂ ಅಲ್ಲ. ಅವರ ಕೆಲಸವನ್ನು ಅವರು ಹೇಳಿದ ಹಾಗೆ ಮಾಡುತ್ತಾಳೆ. ನಾಳೆ ಅವರು ತನ್ನ ಮನೆಗೆ ಬರುತ್ತಾರೆಂಬುದು ಅವಳಿಗೆ ಗೊತ್ತು.

ನೇಪಾಳದ ಗುಡ್ಡಗಳಲ್ಲಿ ಇದೇ ಪದ್ಧತಿಗೆ 'ಪರ್ಮ' ಎನ್ನುತ್ತಾರೆ. ಇದು ನಮಗೆ ಪುಸ್ತಕದಿಂದ ತಿಳಿದಿತ್ತು. ಅರ್ಥವಾದದ್ದು ಅಲ್ಲಿಗೆ ಹೋದ ಮೇಲೆ. ಅದನ್ನು ಮುಂದೆ ಹೇಳುತ್ತೇನೆ.

ಬೇರೆ ದೇಶದವರು ಬಂದು ಮೈಮುರಿದು ದುಡಿಯುವ ಶಿಬಿರಗಳಿಗೆ ನಮ್ಮ ಉಪಖಂಡದಲ್ಲೂ ಹಳೆಯ ಚರಿತ್ರೆಯಿದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯೇರ್ ಸೆರೆಸೋಲ್ ಮೊದಲ ಮಹಾಯುದ್ಧದಲ್ಲಿ ಹಾಳಾದ ಫ್ರಾನ್ಸಿನ ಹಳ್ಳಿಯೊಂದನ್ನು ಕಟ್ಟಲು 1920ರಲ್ಲಿ ಇಂಥ ಶಿಬಿರ ಆರಂಭಿಸಿದರು. 1934ರ ಜನವರಿ 15ರ ಭೂಕಂಪ ಬಿಹಾರವನ್ನೂ ನೇಪಾಳವನ್ನೂ ಒಟ್ಟಿಗೆ ನಡುಗಿಸಿದಾಗ ಅದೇ ಸೆರೆಸೋಲ್ ಸಂಗಡಿಗರೊಂದಿಗೆ ಬಿಹಾರಕ್ಕೆ ಬಂದು ಹಳ್ಳಿಗಳ ಮರುನಿರ್ಮಾಣದಲ್ಲಿ ದುಡಿದರು. ಆಗ ಅವರ ವಯಸ್ಸು ಐವತ್ತು ದಾಟಿತ್ತು.

ಕೈ ಪಳಗಲಿ

ನಮ್ಮ ತಯಾರಿಗೆ ನಾಲ್ಕು ತಿಂಗಳು ಹಿಡಿಯಿತು. ಹಾವೇರಿಯ ತಾಯಿಯ ಮಾತಿನಂತೆ ಅದು ಲೋಟದಿಂದಲೇ ಆರಂಭವಾಯಿತು. ಮೊದಲ ತಿಂಗಳು ಪ್ರತಿಯೊಬ್ಬರೂ ಮನೆಯಲ್ಲೋ ಹಾಸ್ಟೆಲಿನಲ್ಲೋ ತಮ್ಮ ತಟ್ಟೆ, ಬಟ್ಟೆ ತಾವೇ ತೊಳೆಯಬೇಕು, ವಾರಕ್ಕೊಮ್ಮೆ ಇಡೀ ಮನೆಗೆ ಅಡುಗೆ ಮಾಡಬೇಕು. ಹುಡುಗರಿಗೂ ಅದೇ ನಿಯಮ. ಎರಡನೆಯ ತಿಂಗಳು ಎನ್‌ಎಸ್‌ಎಸ್‌ನ ಏಳು ದಿನಗಳ ವಿಶೇಷ ಶಿಬಿರದಲ್ಲಿ ಇಂಗುಗುಂಡಿ ತೋಡುವ ಕೆಲಸವನ್ನೇ ಆರಿಸಿಕೊಂಡೆವು. ಹಾರೆ, ಪಿಕಾಸಿ, ಬಾಂಡ್ಲಿ ಹಿಡಿದ ಮೊದಲ ದಿನ ಎಲ್ಲರ ಅಂಗೈಯಲ್ಲೂ ಬೊಬ್ಬೆ. ಮೂರನೆಯ ದಿನಕ್ಕೆ ಪಿಕಾಸಿ ಎತ್ತುವ ಲಯ ಸಿಕ್ಕಿತು. ನೇಪಾಳದಲ್ಲಿ ಅದೇ ಬೊಬ್ಬೆ ಎದ್ದಿದ್ದರೆ ಹತ್ತರಲ್ಲಿ ಮೂರು ದಿನ ವ್ಯರ್ಥವಾಗುತ್ತಿತ್ತು.

ಮೆಟ್ಟಿಲು ಹತ್ತಿ ಇಳಿಯಿರಿ, ಬೆನ್ನಿಗೆ ಎಂಟು ಹತ್ತು ಕಿಲೋ ಹೊತ್ತು ನಡೆಯಿರಿ. ಹೊಸ ಬೂಟು ಹಾಕಿಕೊಂಡು ವಿಮಾನ ಹತ್ತಬೇಡಿ, ಎರಡು ತಿಂಗಳು ಸವೆಸಿದ ಬೂಟೇ ಒಳ್ಳೆಯದು.

ನೇಪಾಳಿ ಭಾಷೆಯಲ್ಲಿ ನಲವತ್ತು ಮಾತು ಕಲಿತರೆ ಸಾಕು, ಆದರೆ ಆ ನಲವತ್ತು ಬಾಯಿಗೆ ಬರಬೇಕು. ತನಗಿಂತ ದೊಡ್ಡ ಗಂಡಸರಿಗೆ 'ದಾಇ', ಹೆಂಗಸರಿಗೆ 'ದಿದಿ', ಚಿಕ್ಕವರಿಗೆ 'ಭಾಇ', 'ಬಹಿನಿ', ವಯಸ್ಸಾದ ತಾಯಂದಿರಿಗೆ 'ಆಮಾ'. ನಾವು ಅಣ್ಣ ಅಕ್ಕ ಎನ್ನುವ ಹಾಗೆಯೇ. ಗೌರವದ 'ನೀವು' ಅಲ್ಲಿ 'ತಪಾಈಂ'. ಎದುರಾದವರು "ಖಾನಾ ಖಾನು ಭಯೋ?" ಎಂದು ಕೇಳಿದರೆ ಅದು ನಮ್ಮ "ಊಟ ಆಯ್ತಾ?" ಅಷ್ಟೆ. ಉತ್ತರ ಹೇಳಲು ನಮ್ಮ ಹುಡುಗರಿಗೆ ಯಾವ ಕಷ್ಟವೂ ಆಗಲಿಲ್ಲ. ತುರ್ತಾಗಿ ಬೇಕಾಗುವ ಇನ್ನೊಂದು ಮಾತು 'ಪುಗ್ಯೋ', ಅಂದರೆ ಸಾಕು. ದಾಲ್ ಭಾತ್ ಬಡಿಸುವ ದಿದಿ ನೀವು ಅದನ್ನು ಹೇಳುವ ತನಕ ಬಡಿಸುತ್ತಲೇ ಇರುತ್ತಾರೆ.

ಕಾಗದಪತ್ರ

ಬೇಸರದ ಭಾಗವೆಂದು ಇದನ್ನು ಹಾರಿಸಬೇಡಿ. ನಾನು ಹಾರಿಸಿ ಒಬ್ಬ ಹುಡುಗನಿಗೆ ಅನ್ಯಾಯ ಮಾಡಿದ್ದೇನೆ.

ನೇಪಾಳಕ್ಕೆ ವಿಮಾನದಲ್ಲಿ ಹೋಗುವ ಭಾರತೀಯ ವಯಸ್ಕರ ಬಳಿ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿ ಇರಬೇಕು. ಆಧಾರ್ ನಡೆಯುವುದು 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ. 15ರಿಂದ 18ರ ನಡುವಿನವರು ಪಾಸ್‌ಪೋರ್ಟ್ ಇಲ್ಲದಿದ್ದರೆ ನಿಗದಿತ ನಮೂನೆಯಲ್ಲಿ ಪ್ರಾಂಶುಪಾಲರು ಕೊಟ್ಟ ಗುರುತಿನ ಪ್ರಮಾಣಪತ್ರ ಒಯ್ಯಬೇಕು. ನಮ್ಮ ತಂಡದ ಹತ್ತೊಂಬತ್ತರ ಹುಡುಗನೊಬ್ಬನ ಕಡತದಲ್ಲಿ ಆಧಾರ್ ಜೆರಾಕ್ಸ್ ನೋಡಿ 'ಗುರುತಿನ ಚೀಟಿ ಇದೆ' ಎಂದು ಗುರುತು ಹಾಕಿಬಿಟ್ಟಿದ್ದೆ. ಬೆಂಗಳೂರು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅವನನ್ನು ತಡೆದರು. ನಾಲ್ಕು ತಿಂಗಳು ನಮ್ಮೊಂದಿಗೆ ಮಣ್ಣು ಹೊತ್ತವನು ತನ್ನ ಬ್ಯಾಗನ್ನು ತಳ್ಳುಗಾಡಿಯಿಂದ ಇಳಿಸಿಕೊಂಡು ನಿಂತದ್ದು ಈಗಲೂ ಕಣ್ಣ ಮುಂದಿದೆ. ತಪ್ಪು ಪೂರ್ತಿ ನನ್ನದು. ಹೊರಡುವ ಒಂದು ತಿಂಗಳ ಮೊದಲೇ ಎಲ್ಲರ ಮೂಲ ದಾಖಲೆಗಳನ್ನು ಮೇಜಿನ ಮೇಲೆ ಇರಿಸಿ, ಇಬ್ಬರು ಬೇರೆ ಬೇರೆಯಾಗಿ ಪರಿಶೀಲಿಸಿ.

ನನ್ನ ಸಲಹೆ ಕೇಳಿದರೆ, ಎಲ್ಲರೂ ಪಾಸ್‌ಪೋರ್ಟ್ ಮಾಡಿಸಿಕೊಳ್ಳುವುದೇ ಒಳ್ಳೆಯದು. 36 ಪುಟಗಳ ಸಾಮಾನ್ಯ ಪಾಸ್‌ಪೋರ್ಟಿಗೆ ವಯಸ್ಕರಿಗೆ 1500 ರೂಪಾಯಿ, ಅಪ್ರಾಪ್ತರಿಗೆ 1000 ರೂಪಾಯಿ. ಪೊಲೀಸ್ ಪರಿಶೀಲನೆಗೆ ಸಮಯ ಬೇಕು. ಮೂರು ತಿಂಗಳ ಮೊದಲೇ ಅರ್ಜಿ ಹಾಕಿ. ಬಹುತೇಕ ದೇಶಗಳು ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳು ಉಳಿದಿರಬೇಕೆಂದು ಕೇಳುತ್ತವೆ. ಅಪ್ರಾಪ್ತರಿದ್ದರೆ ತಂದೆತಾಯಿಯ ಸಹಿಯ ಒಪ್ಪಿಗೆ ಪತ್ರವನ್ನು ಶಿಕ್ಷಕರೇ ಇಟ್ಟುಕೊಳ್ಳಲಿ. ಖರ್ಚು ಉಳಿಸಬೇಕೆಂದರೆ ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲಿದೆ. ಅಲ್ಲಿಂದ ಸುನೌಲಿ ಗಡಿ ಸುಮಾರು 100 ಕಿಲೋಮೀಟರ್. ರೈಲಿನಲ್ಲೇ ಎರಡು ದಿನ ಕಳೆಯುವುದರಿಂದ ರಜೆ ಉದ್ದವಿದ್ದರೆ ಮಾತ್ರ ಆ ದಾರಿ.

ಕಾಲ, ಹಣ, ಆರೋಗ್ಯ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡಗಾಡಿನ ರಸ್ತೆಗಳನ್ನು ನಂಬುವಂತಿಲ್ಲ. 2024ರ ಸೆಪ್ಟೆಂಬರ್ ಕೊನೆಯ ಮಳೆಗೆ ಕಠ್ಮಂಡು ಕಣಿವೆ ಮತ್ತು ಸುತ್ತಲ ಜಿಲ್ಲೆಗಳಲ್ಲಿ ನೆರೆ, ಭೂಕುಸಿತವಾಗಿ 200ಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆ, ಆದರೆ ಅದೇ ದಶೈಂ ಹಬ್ಬದ ಕಾಲ. ಊರಿಗೆ ಊರೇ ಹಬ್ಬದಲ್ಲಿರುವಾಗ ಹಾರೆ ಹಿಡಿದು ಹೋಗುವುದು ಸರಿಯಲ್ಲ. ನವೆಂಬರ್, ಅಥವಾ ಫೆಬ್ರವರಿ ಮಾರ್ಚ್ ಅನುಕೂಲ. ಶನಿವಾರ ಶಾಲೆಗೆ ರಜೆ ಎಂಬುದು ನೆನಪಿರಲಿ. ಅಲ್ಲಿಯ ಗಡಿಯಾರ ನಮಗಿಂತ 15 ನಿಮಿಷ ಮುಂದು.

ಒಂದು ಭಾರತೀಯ ರೂಪಾಯಿಗೆ 1 ರೂಪಾಯಿ 60 ಪೈಸೆ ನೇಪಾಳಿ ಎಂಬ ದರ 1993ರಿಂದಲೂ ಬದಲಾಗಿಲ್ಲ. ನಮ್ಮ ನೂರರ ನೋಟು ಮತ್ತು ಅದಕ್ಕಿಂತ ಚಿಕ್ಕವು ಅಂಗಡಿಗಳಲ್ಲಿ ನಡೆಯುತ್ತವೆ. ನೂರಕ್ಕಿಂತ ದೊಡ್ಡ ನೋಟುಗಳನ್ನು ನೇಪಾಳ 2018ರಲ್ಲಿ ನಿಷೇಧಿಸಿತ್ತು. ಆಮೇಲೆ ಈ ನಿಯಮಗಳಲ್ಲಿ ಬದಲಾವಣೆ ಬಂದಿರುವುದರಿಂದ ಹೊರಡುವ ವಾರ ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳಿ. 2024ರಿಂದ ಪಟ್ಟಣದ ಅನೇಕ ಅಂಗಡಿಗಳಲ್ಲಿ ನಮ್ಮ ಯುಪಿಐ ಕೂಡ ಕ್ಯೂಆರ್ ಮೂಲಕ ನಡೆಯುತ್ತದೆ. ಹಳ್ಳಿಯಲ್ಲಿ ನಗದೇ ಗತಿ.

ಹಣದ ವಿಷಯದಲ್ಲಿ ಇನ್ನೊಂದು ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿ. ಒಟ್ಟು ಖರ್ಚಿನಲ್ಲಿ ವಿಮಾನಕ್ಕೆಷ್ಟು, ಆ ಊರಿನಲ್ಲಿ ಉಳಿಯುವುದೆಷ್ಟು? ನಮ್ಮ ಲೆಕ್ಕದಲ್ಲಿ ಮುಕ್ಕಾಲು ಪಾಲು ಪ್ರಯಾಣಕ್ಕೇ ಹೋಗಿತ್ತು. "ಈ ದುಡ್ಡು ಕಳಿಸಿದ್ದರೆ ಅವರೇ ಆಳು ಇಟ್ಟು ತೋಡಿಸುತ್ತಿದ್ದರಲ್ಲ ಮೇಡಂ" ಎಂದು ಒಬ್ಬಳು ಕೇಳಿದಳು. ಹೌದು, ತೋಡಿಸುತ್ತಿದ್ದರು. ಆದ್ದರಿಂದ ಈ ಪ್ರವಾಸದಿಂದ ಹೆಚ್ಚು ಪಡೆಯುವವರು ನಾವೇ ಎಂಬುದನ್ನು ಒಪ್ಪಿಕೊಂಡು ಹೋಗಬೇಕು. ಅದನ್ನು ಒಪ್ಪಿಕೊಂಡ ಮೇಲೆ ಹೋಂಸ್ಟೇ ಬಾಡಿಗೆಯಲ್ಲಿ ಚೌಕಾಸಿ ಮಾಡಲು ಯಾರಿಗೂ ಮನಸ್ಸು ಬರಲಿಲ್ಲ. ಅಕ್ಕಿ, ತರಕಾರಿ, ಸಲಿಕೆ, ಕೈಗವಸು ಎಲ್ಲವನ್ನೂ ಅಲ್ಲಿನ ಅಂಗಡಿಯಲ್ಲೇ ಕೊಂಡೆವು. ಇಲ್ಲಿಂದ ಹಳೆ ಬಟ್ಟೆಯ ಮೂಟೆ ಒಯ್ಯಬೇಡಿ. ಮಕ್ಕಳಿಗೆ ಬೀದಿಯಲ್ಲಿ ಚಾಕಲೇಟು, ಪೆನ್ನು ಹಂಚಬೇಡಿ. ಕೊಡಬೇಕೆನಿಸಿದ್ದನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಡಿ.

ಆರು ವಾರ ಮೊದಲೇ ವೈದ್ಯರನ್ನು ಕಾಣಿ. ಟೈಫಾಯ್ಡ್, ಹೆಪಟೈಟಿಸ್ ಎ, ಧನುರ್ವಾಯು ಲಸಿಕೆಗಳ ಬಗ್ಗೆ ಕೇಳಿ. ಆಸ್ತಮಾ, ಅಲರ್ಜಿ, ಮೂರ್ಛೆ ಇದ್ದವರು ಮುಚ್ಚಿಡದೆ ಹೇಳುವಂಥ ವಾತಾವರಣವನ್ನು ಶಿಕ್ಷಕರು ಮಾಡಿಕೊಡಬೇಕು. ಎಲ್ಲರ ಮುಂದೆ ಕೇಳಿದರೆ ಯಾರೂ ಹೇಳುವುದಿಲ್ಲ. ಕುದಿಸಿದ ನೀರು ಮಾತ್ರ ಕುಡಿಯಿರಿ. ದೇವಸ್ಥಾನದ ಕೋತಿಗಳಿಂದ, ಬೀದಿನಾಯಿಗಳಿಂದ ದೂರವಿರಿ. ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ರೇಬಿಸ್ ಚುಚ್ಚುಮದ್ದಿಗೆ ಹೋಗಿ. ಮಳೆಗಾಲ ಹತ್ತಿರವಿದ್ದರೆ ಉಂಬಳ ಇರುತ್ತವೆ, ಮಲೆನಾಡಿನ ಮಕ್ಕಳಿಗೆ ಅದನ್ನು ಹೇಳಿಕೊಡಬೇಕಿಲ್ಲ. ಎತ್ತರದ ವಿಷಯ ಮಾತ್ರ ನಮಗೆಲ್ಲ ಹೊಸದು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1930 ಮೀಟರ್ ಅಷ್ಟೆ. ಕಾಭ್ರೆಯ ಹಳ್ಳಿಗಳು ಅದರ ಆಸುಪಾಸಿನಲ್ಲೇ ಇರುವುದರಿಂದ ನಮಗೆ ತೊಂದರೆಯಾಗಲಿಲ್ಲ. ಸೇವೆ ಮುಗಿಸಿ ಚಾರಣಕ್ಕೆ ಹೊರಟು 2500 ಮೀಟರ್ ದಾಟುವವರು ನಿಧಾನವಾಗಿ ಏರಬೇಕು, ತಲೆನೋವು ವಾಂತಿ ಬಂದರೆ ಮೇಲೆ ಹತ್ತಕೂಡದು. ವಿಮೆ ಮಾಡಿಸುವಾಗ ಹೆಲಿಕಾಪ್ಟರ್ ರಕ್ಷಣೆಯ ಖರ್ಚು ಸೇರಿದೆಯೇ ನೋಡಿ.

ನಾವು ಮರಳಿ ಬಂದ ಆರು ತಿಂಗಳಿಗೆ, 2025ರ ಸೆಪ್ಟೆಂಬರ್ 8 ಮತ್ತು 9ರಂದು ಕಠ್ಮಂಡುವಿನಲ್ಲಿ ಯುವಜನರ ಪ್ರತಿಭಟನೆ ಹಿಂಸೆಗೆ ತಿರುಗಿ ವಿಮಾನ ನಿಲ್ದಾಣವನ್ನೇ ಮುಚ್ಚಿದರು. ಆಗ ಅಲ್ಲಿ ಸಿಲುಕಿದ್ದವರಲ್ಲಿ ಕನ್ನಡಿಗರೂ ಇದ್ದರು. ಆದ್ದರಿಂದ ಮರಳುವ ದಿನದ ನಂತರವೂ ಎರಡು ದಿನಗಳ ಖರ್ಚಿಗೆ ಆಗುವಷ್ಟು ನಗದು ಪ್ರತಿ ತಂಡದ ಬಳಿ ಇರಲಿ. ಭಾರತೀಯ ರಾಯಭಾರ ಕಚೇರಿ ಇರುವುದು ಕಠ್ಮಂಡುವಿನ ಲೈಂಚೌರ್‌ನಲ್ಲಿ. ಅದರ ದೂರವಾಣಿ ಸಂಖ್ಯೆ, ಪೊಲೀಸ್ 100, ಆಂಬುಲೆನ್ಸ್ 102, ಪ್ರವಾಸಿ ಪೊಲೀಸ್ 1144, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಎಲ್ಲರ ಜೇಬಿನಲ್ಲೂ ಇರಿಸಿ. ಮೊಬೈಲ್ ಚಾರ್ಜ್ ಮುಗಿದಾಗ ಕೈಗೆ ಬರುವುದು ಆ ಚೀಟಿಯೇ.

ಅವರ ಮನೆಯಲ್ಲಿ

ಎಂಜಲು, ಮಡಿ ಎಂದರೇನೆಂದು ನಮಗೆ ಗೊತ್ತಿರುವುದು ನೇಪಾಳದಲ್ಲಿ ಬಹಳ ಉಪಕಾರಕ್ಕೆ ಬರುತ್ತದೆ. ಅಲ್ಲಿ ಎಂಜಲಿಗೆ 'ಜುಠೋ' ಎನ್ನುತ್ತಾರೆ. ತಿಂದ ತಟ್ಟೆಯಿಂದ ಇನ್ನೊಬ್ಬರಿಗೆ ಬಡಿಸಬಾರದು, ಬಾಯಿ ತಾಗಿಸಿ ನೀರು ಕುಡಿಯಬಾರದು. ಕೆಲವು ಮನೆಗಳಲ್ಲಿ ಅಡುಗೆಮನೆಗೆ ಹೊರಗಿನವರು ಕೇಳದೆ ಹೋಗುವಂತಿಲ್ಲ. ಬೆಳಿಗ್ಗೆ ಹತ್ತರ ಸುಮಾರಿಗೆ ದಾಲ್ ಭಾತ್, ಮತ್ತೆ ಸಂಜೆ ಕತ್ತಲಾದ ಮೇಲೆ. ನಡುವೆ ಅವಲಕ್ಕಿಯೋ ಜೋಳವೋ ಸಿಗುತ್ತದೆ. ಎಂಟು ಗಂಟೆಗೆ ತಿಂಡಿ ತಿಂದು ರೂಢಿಯಾದ ನಮ್ಮ ಮಕ್ಕಳು ಮೊದಲೆರಡು ದಿನ ಸೊರಗಿದರು. ಬ್ಯಾಗಿನಲ್ಲಿ ಶೇಂಗಾ ಉಂಡೆ, ಚಕ್ಕುಲಿ ಇರಲಿ.

ಹೆಣ್ಣುಮಕ್ಕಳು ಮುಟ್ಟಿನ ದಿನಗಳಿಗೆ ಬೇಕಾದ್ದನ್ನೆಲ್ಲ ಇಲ್ಲಿಂದಲೇ ಒಯ್ಯಬೇಕು, ಬಳಸಿದ್ದನ್ನು ಹಾಕಲು ಚೀಲವನ್ನೂ. ಮುಟ್ಟಾದವರನ್ನು ಗುಡಿಸಲಿನಲ್ಲಿರಿಸುವ ಪಶ್ಚಿಮ ನೇಪಾಳದ ಛೌಪಡಿ ಪದ್ಧತಿ 2018ರಿಂದ ಶಿಕ್ಷಾರ್ಹ ಅಪರಾಧ. ಆದರೂ ಎಷ್ಟೋ ಮನೆಗಳಲ್ಲಿ ಆ ದಿನಗಳಲ್ಲಿ ಅಡುಗೆಮನೆ, ದೇವರಮನೆ ದೂರ. ನಮ್ಮ ಕೆಲವು ಹುಡುಗಿಯರಿಗೆ ಅದು ತಮ್ಮ ಮನೆಯದೇ ಚಿತ್ರವಾಗಿತ್ತು. ಅತಿಥಿಯಾಗಿ ಹೋದಲ್ಲಿ ವಾದಕ್ಕೆ ನಿಲ್ಲಬೇಡಿ, ಆದರೆ ರಾತ್ರಿ ದಿದಿಯರ ಜೊತೆ ಕೂತು ಮಾತಾಡಿ. ನಮ್ಮಲ್ಲಿ ಹೆಚ್ಚು ಮಾತು ಬೆಳೆದದ್ದು ಅದೇ ವಿಷಯದಲ್ಲಿ.

ಫೋಟೊ ತೆಗೆಯುವ ಮೊದಲು ಕೇಳಿ. ಮಕ್ಕಳದ್ದಾದರೆ ಅವರ ತಾಯಿಯನ್ನು ಕೇಳಿ. ನಾವು ಮೊದಲ ಮೂರು ದಿನ ಮೊಬೈಲುಗಳನ್ನು ಹಗಲು ಹೊತ್ತು ಒಂದು ಡಬ್ಬಿಯಲ್ಲಿ ಇರಿಸಿದೆವು, ಶಿಕ್ಷಕರದ್ದೂ ಸೇರಿ.

ಪರ್ಮದ ದಿನ

ನಾಯಕತ್ವ ಕಲಿಸುವುದಕ್ಕೆಂದೇ ದಿನಕ್ಕೊಬ್ಬರನ್ನು ಮುಖಂಡರನ್ನಾಗಿ ಮಾಡಿದ್ದೆವು. ಅಂದಿನ ಕೆಲಸ ಹಂಚುವುದು, ತಲೆ ಎಣಿಸುವುದು, ಸಂಜೆ ಸಭೆ ನಡೆಸುವುದು ಎಲ್ಲ ಅವರ ಹೊಣೆ. ಶಿಕ್ಷಕರು ಅಪಾಯವಿದ್ದರೆ ಮಾತ್ರ ಬಾಯಿ ಹಾಕುವುದು.

ನಾಲ್ಕನೆಯ ದಿನ ಹಾವೇರಿಯ ಹುಡುಗಿಯ ಸರದಿ. ಬೆಳಿಗ್ಗೆ ಕಾಲುವೆಯ ಹತ್ತಿರ ಹೋದರೆ ಊರಿನವರು ಇಬ್ಬರೇ ಇದ್ದರು. ಹಿಂದಿನ ದಿನ ಹದಿನೈದು ಜನ ಬಂದಿದ್ದರು. ನಮ್ಮ ಹುಡುಗರಿಗೆ ಸಿಟ್ಟು ಬಂತು: ಅವರದೇ ಶಾಲೆ, ಅವರದೇ ನೀರು, ಅವರೇ ಬರದಿದ್ದರೆ ಹೇಗೆ? ಅಷ್ಟರಲ್ಲಿ ಡೋಕೋ ಬುಟ್ಟಿಯ ಪಟ್ಟಿಯನ್ನು ಹಣೆಗೆ ಸಿಕ್ಕಿಸಿಕೊಂಡು ಇಳಿದು ಬಂದ ದಿದಿಯೊಬ್ಬರು, ಇವತ್ತು ಪಕ್ಕದ ಮನೆಯವರ ಆಲೂಗಡ್ಡೆ ಕೀಳುವುದಿದೆ, ಪರ್ಮಕ್ಕೆ ಹೋಗಲೇಬೇಕು ಎಂದರು. ಹೋಗದಿದ್ದರೆ ನಾಳೆ ಅವರ ಹೊಲಕ್ಕೆ ಯಾರೂ ಬರುವುದಿಲ್ಲ.

ಎಲ್ಲರೂ ನನ್ನ ಮುಖ ನೋಡಿದರು. ನಾನು ಆ ಹುಡುಗಿಯ ಮುಖ ನೋಡಿದೆ. ಅವಳು ಒಂದು ಗಳಿಗೆ ಸುಮ್ಮನಿದ್ದು, "ನಾವೂ ಆಲೂಗಡ್ಡಿ ಕೀಳಾಕ ಹೋಗೂಣ. ಮುಯ್ಯಾಳು ಅಂದ್ರ ಇದ ಅಲ್ಲೇನು?" ಎಂದಳು. ಇಬ್ಬರು ಹುಡುಗರು ಒಪ್ಪಲಿಲ್ಲ. ಕಾಲುವೆ ಮುಗಿಯದೆ ಹೋದರೆ ಕಾಲೇಜಿನಲ್ಲಿ ಏನು ಹೇಳುವುದು ಎಂಬುದು ಅವರ ಚಿಂತೆ. ಅವಳು ಅವರಿಬ್ಬರನ್ನೂ ಕಾಲುವೆಯಲ್ಲೇ ಬಿಟ್ಟು, ಉಳಿದವರನ್ನು ಕರೆದುಕೊಂಡು ಹೊಲಕ್ಕೆ ಹೋದಳು. ಅಂದು ಸಂಜೆಯವರೆಗೆ ಕೈಗುದ್ದಲಿ ಹಿಡಿದು ಮಣ್ಣು ಕೆದಕಿ, ಗಡ್ಡೆಗೆ ಪೆಟ್ಟಾಗದಂತೆ ಎತ್ತಿ, ಡೋಕೋ ತುಂಬುವುದನ್ನು ಎಂಟು ವರ್ಷದ ಹುಡುಗಿಯೊಬ್ಬಳು ನಮ್ಮವರಿಗೆ ಕಲಿಸಿದಳು. ಹಣೆಗೆ ನಾಮ್ಲೋ ಪಟ್ಟಿ ಹಾಕಿ ಹೊರಲು ನಾನೂ ಪ್ರಯತ್ನಿಸಿದೆ. ಕುತ್ತಿಗೆ ಬಗ್ಗಿಸಿ ಭಾರವನ್ನು ಬೆನ್ನಿಗೆ ಬಿಡಬೇಕು. ಇಪ್ಪತ್ತು ಹೆಜ್ಜೆಗೆ ನನ್ನ ಉಸಿರು ಕಟ್ಟಿತು. ಆ ದಿದಿ ಅದೇ ಬುಟ್ಟಿ ಹೊತ್ತು ಗುಡ್ಡ ಹತ್ತಿದರು.

ಮಾರನೆಯ ಬೆಳಿಗ್ಗೆ ಕಾಲುವೆಗೆ ಇಪ್ಪತ್ತಾರು ಜನ ಬಂದರು. ನಮ್ಮ ಪತ್ರಕ್ಕೋ ವಾರ್ಡಿನ ಮಾತಿಗೋ ಅಲ್ಲ, ಹಿಂದಿನ ದಿನದ ಲೆಕ್ಕ ತೀರಿಸಲು. ಎಂಟನೆಯ ದಿನ ಮಧ್ಯಾಹ್ನ ಶೌಚಾಲಯದ ನಲ್ಲಿಯಲ್ಲಿ ನೀರು ಬಂತು.

ಆದ್ದರಿಂದ ಪ್ರವಾಸದ ವೇಳಾಪಟ್ಟಿ ಮಾಡುವಾಗ ಕಡೆಯ ಪಕ್ಷ ಎರಡು ದಿನಗಳನ್ನು ಖಾಲಿ ಬಿಡಿ. ಊರಿನವರಿಗೆ ಅವರದೇ ಕೆಲಸಗಳಿರುತ್ತವೆ. ಅಲ್ಲಿ ಸಾವು ಸಂಭವಿಸಬಹುದು, ಮದುವೆ ಇರಬಹುದು, ಮಳೆ ಬರಬಹುದು. ಪ್ರತಿ ಗಂಟೆಯನ್ನೂ ತುಂಬಿಸಿಕೊಂಡು ಹೋದ ತಂಡಕ್ಕೆ ಆ ಊರು ಅಡ್ಡಿಯಾಗಿ ಕಾಣುತ್ತದೆ.

ಮರಳಿದ ಮೇಲೆ ಕಾಲೇಜಿನಲ್ಲಿ ಫೋಟೊ ಪ್ರದರ್ಶನ ಇಡುವುದು ವಾಡಿಕೆ. ನಾವು ಇಡಲಿಲ್ಲ. ವಿದ್ಯಾರ್ಥಿಗಳು ಖರ್ಚಿನ ಪೂರ್ತಿ ಲೆಕ್ಕವನ್ನು ಕನ್ನಡದಲ್ಲಿ ಬರೆದಿಟ್ಟರು, ಕಾಲುವೆಯ ನಕ್ಷೆಯನ್ನು ನೇಪಾಳಿಯಲ್ಲಿ ಸಿದ್ಧಪಡಿಸಿ ಅದರ ಒಂದು ಪ್ರತಿಯನ್ನು ಆ ಶಾಲೆಗೆ ಕಳಿಸಿದರು. ಪೈಪಿನ ಕೀಲು ಎಲ್ಲೆಲ್ಲಿದೆ ಎಂಬುದು ನಕ್ಷೆಯಲ್ಲಿದೆ. ಸೋರಿದರೆ ಹುಡುಕಿ ತೋಡುವುದು ಸುಲಭ. ಹೋಗಿಬಂದವರು ತಂದ ಅಳತೆಗಳನ್ನು ಇಟ್ಟುಕೊಂಡು ನಕ್ಷೆ ಬರೆದವನು ವಿಮಾನ ನಿಲ್ದಾಣದಿಂದ ಮರಳಿದ ಆ ಹುಡುಗನೇ.

ನಮ್ಮ ಮೇಲಿನ ಮುಯ್ಯಿ ಇನ್ನೂ ತೀರಿಲ್ಲ. ಆ ಶಾಲೆಯ ಇಬ್ಬರು ಶಿಕ್ಷಕರನ್ನು ನಮ್ಮ ಮುಂದಿನ ಎನ್‌ಎಸ್‌ಎಸ್ ಶಿಬಿರಕ್ಕೆ ಕರೆದಿದ್ದೇವೆ. ಅವರಿಗೆ ತಮ್ಮ ಮನೆಯಲ್ಲೇ ಊಟ, ಇರುವ ಏರ್ಪಾಡು ಮಾಡುತ್ತೇವೆಂದು ಹಾವೇರಿಯ ಆ ತಾಯಿಯೇ ಹೇಳಿ ಕಳಿಸಿದ್ದಾರೆ. ಇಂಥ ಪ್ರವಾಸಕ್ಕೆ ಹೊರಡಬೇಕೆಂದಿರುವ ಕಾಲೇಜುಗಳಲ್ಲಿ ನನ್ನ ವಿನಂತಿ ಒಂದೇ: ಟಿಕೆಟ್ ಕೊಳ್ಳುವ ಮುಂಚೆ ಆ ಊರಿನ ವಡಾ ಕಚೇರಿಗೆ ಒಂದು ಪತ್ರ ಬರೆಯಿರಿ, ಉತ್ತರ ಬರಲು ಎರಡು ತಿಂಗಳಾದರೂ ಕಾಯಿರಿ.